ಗುಡ್ಡಕ್ಕೆ ಬೆಂಕಿ ಬಿದ್ದಾಗಲೆಲ್ಲ ನಮ್ಮ ಹೆಂಚಿನ ಮನೆ ತುಂಬ ಹೊಗೆ, ಅಮ್ಮನಿಗೆ ಉಬ್ಬಸ. ಏರ್ ಪ್ಯೂರಿಫೈಯರ್ ತಗೊಳ್ಳೋದಾ, ಬೇಸಿಗೆ ಮುಗಿಯೋವರೆಗೆ ಬೆಂಗಳೂರಿಗೆ ಕಳಿಸೋದಾ?

ಎರಡೂ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮಲ್ಲಿ ಅಮ್ಮ, ನಮ್ಮಲ್ಲಿ ಅಪ್ಪ. ಅಷ್ಟೇ ವ್ಯತ್ಯಾಸ. ನಮ್ಮ ಮನೆ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿ, ಕೈಮರದ ಆಸುಪಾಸು. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು, ಆಗಿದ್ದು ರಿಟೈರ್ ಆದವರು. ಉಬ್ಬಸ ಹಳೆಯದು. ಆದರೆ ಅದು ಮಳೆಗಾಲದ ಕಾಯಿಲೆ ಅಂತ ನಾವೇ ತೀರ್ಮಾನ ಮಾಡಿಕೊಂಡಿದ್ದೆವು.

ಒಂದು ಮಾರ್ಚ್‌ನಲ್ಲಿ ಸಂಜೆ ಹೊತ್ತಿಗೆ ಗುಡ್ಡದ ನೆತ್ತಿಯಲ್ಲಿ ಕೆಂಪು ಗೆರೆ ಕಾಣಿಸಿತು. ಹುಲ್ಲು ಒಣಗಿತ್ತು, ಗಾಳಿ ಇತ್ತು. ಫಾರೆಸ್ಟ್‌ನವರು, ಊರಿನ ಹುಡುಗರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯಲು ಹತ್ತಿದರು. ಆ ಇಳಿಜಾರಿಗೆ ನೀರಿನ ಟ್ಯಾಂಕರ್ ಹೋಗೋದಿಲ್ಲ, ಬಡಿದೇ ಆರಿಸಬೇಕು. ಮರುದಿನ ಮಧ್ಯಾಹ್ನ ಬೆಂಕಿ ನಂದಿತು ಅಂತ ಸುದ್ದಿ ಬಂತು. ಬೆಂಕಿ ಹೋಯಿತು ಅಂದಮೇಲೆ ಹೊಗೆಯೂ ಹೋಯಿತು ಅಂದುಕೊಂಡೆ.

ಮೂರನೇ ದಿನ ಭಾನುವಾರ. ಬೆಳಿಗ್ಗೆ ಐದೂವರೆಗೆ ಎದ್ದು ಅಡುಗೆಮನೆ ಕಿಟಕಿ ತೆಗೆದರೆ ಹೊರಗೆಲ್ಲ ಬೆಳ್ಳಗೆ. ಎದುರಿನ ಸಿಲ್ವರ್ ಮರಗಳೇ ಕಾಣುತ್ತಿರಲಿಲ್ಲ. ಮಂಜು ಬಿದ್ದಿದೆ ಅಂದುಕೊಂಡೆ. ಎರಡು ದಿನ ಮುಚ್ಚಿಟ್ಟಿದ್ದ ಕಿಟಕಿಗಳನ್ನೆಲ್ಲ ತೆಗೆದೆ. "ಅಪ್ಪಾ, ಒಳಗೆಲ್ಲ ಕಮಟು ವಾಸನೆ. ಹೊರಗೆ ತಂಪಾಗಿದೆ, ಜಗಲಿಯಲ್ಲಿ ಕೂತ್ಕೊಳ್ಳಿ" ಅಂತ ಕುರ್ಚಿಯನ್ನೂ ನಾನೇ ಹಾಕಿಕೊಟ್ಟೆ. ಅವರು ಕಾಫಿ ಲೋಟ ಹಿಡಿದುಕೊಂಡು ಒಂದೂವರೆ ಗಂಟೆ ಅಲ್ಲೇ ಕೂತರು.

ಅದು ಮಂಜಲ್ಲ. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಹುಲ್ಲು ಗಂಟೆಯೊಳಗೆ ಉರಿದು ಮುಗಿಯುತ್ತದೆ. ಆದರೆ ಶೋಲಾ, ಅಂದರೆ ಗುಡ್ಡದ ಸಂದಿಯ ಕಾಡು, ಅದರ ಅಂಚಿನಲ್ಲಿ ಬಿದ್ದ ಮರದ ಕೊರಡು, ಬೊಡ್ಡೆ, ಬೇರು ಇವೆಲ್ಲ ಉರಿ ಇಲ್ಲದೆ ದಿನಗಟ್ಟಲೆ ಹೊಗೆಯಾಡುತ್ತವೆ. ರಾತ್ರಿ ಗುಡ್ಡದ ಮೇಲಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ನೀರಿನ ಹಾಗೆ ಇಳಿಜಾರು ಹಿಡಿದು ಕೆಳಗೆ ಹರಿಯುತ್ತದೆ. ಹೊಗೆಯನ್ನೂ ಜೊತೆಗೇ ತರುತ್ತದೆ. ಕಣಿವೆಯಲ್ಲಿ ಅದು ಕೆರೆ ಕಟ್ಟಿದ ಹಾಗೆ ನಿಂತುಬಿಡುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿರುವುದರಿಂದ ಬಿಸಿಲೇರುವವರೆಗೆ ಎಲ್ಲೂ ಹೋಗೋದಿಲ್ಲ. ಅಂದರೆ ನಾವು ಒಳ್ಳೆ ಗಾಳಿ ಅಂತ ಕಿಟಕಿ ತೆಗೆಯುವ ಹೊತ್ತೇ ಆ ದಿನದ ಅತಿ ಕೆಟ್ಟ ಹೊತ್ತು. ಮೂಗನ್ನು ನಂಬೋಣ ಅಂದರೆ ಎರಡು ದಿನ ಹೊಗೆ ಕುಡಿದ ಮೂಗಿಗೆ ವಾಸನೆ ಹತ್ತೋದೇ ಇಲ್ಲ.

ಏಳೂಕಾಲಿಗೆ ಅಪ್ಪ "ನೀ" ಅಂದರು. ಉಸಿರು ಎಳೆದುಕೊಂಡು "ರು" ಅಂದರು. ಉಬ್ಬಸ ಬಂದಾಗ ಎಳೆದುಕೊಳ್ಳುವ ಪಂಪ್ ಕೊಟ್ಟೆ. ಒತ್ತಿದರೆ ಬರೀ ಪುಸ್ ಅಂದಿತು, ಔಷಧಿ ಮುಗಿದಿತ್ತು. ಗಾಬರಿಯಲ್ಲಿ ಟವೆಲ್ ಒದ್ದೆ ಮಾಡಿ ಮುಖಕ್ಕೆ ಕಟ್ಟಿದೆ, ಅದರಿಂದ ಇನ್ನೂ ಕಷ್ಟವಾಯಿತು. ಪಕ್ಕದ ಮನೆಯವರನ್ನು ಕೂಗೋಣ ಅಂತ ಸ್ಕೂಟರ್ ಹತ್ತಿರ ಓಡಿದೆ. ಮಂಜು ಬಿದ್ದ ದಿನ ಸೀಟು ನೀರಾಗಿರುತ್ತದಲ್ಲ, ರೂಢಿಯಂತೆ ಅಂಗೈಯಲ್ಲಿ ಒರೆಸಿದೆ. ಒಂದು ಹನಿ ನೀರಿಲ್ಲ. ಅಂಗೈ ತುಂಬ ಬೂದಿ.

ಅವರ ಜೀಪಿನಲ್ಲೇ ಆಸ್ಪತ್ರೆಗೆ ಹೋದೆವು. ನೆಬ್ಯುಲೈಸರ್, ಆಕ್ಸಿಜನ್, ಎರಡು ರಾತ್ರಿ. "ದಿನಾ ಎಳೆದುಕೊಳ್ಳೋ ಇನ್ಹೇಲರ್ ಯಾವಾಗ ಬಿಟ್ಟಿರಿ?" ಅಂತ ಡಾಕ್ಟರ್ ಕೇಳಿದರು. ಅಪ್ಪ ದೀಪಾವಳಿಗೇ ಬಿಟ್ಟಿದ್ದರಂತೆ. ಆರಾಮಾಗಿದ್ದೆನಲ್ಲ, ಸುಮ್ನೆ ಯಾಕೆ ದುಡ್ಡು ದಂಡ ಅಂತ.

ಈಗ ನಿಮ್ಮ ಪ್ರಶ್ನೆ. ನಿಮ್ಮದು ಹೆಂಚಿನ ಮನೆ ಅಂತ ಬರೆದಿದ್ದೀರಿ. ಹೆಂಚಿನ ಸಂದಿಯಲ್ಲಿ ಬಿಸಿಲುಕೋಲು ಬೀಳುವ ಮನೆಯಲ್ಲಿ ಪ್ಯೂರಿಫೈಯರ್ ಇಡೋದು ತೂತು ಕೊಡದಲ್ಲಿ ನೀರು ಹೊತ್ತ ಹಾಗೆ. ಮಾರ್ಚ್‌ನಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತೆ ಅಂತ ನಿಮಗೂ ಗೊತ್ತು. ಆರ್‌ಸಿಸಿ ರೂಮೊಂದಿದ್ದರೆ ಆ ಮಾತು ಬೇರೆ. ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನು ತಂದು ಅಲ್ಲಿಡಿ. ಇನ್ನು ಬೆಂಗಳೂರು. ಮುಂದಿನ ವರ್ಷ ಅಪ್ಪನನ್ನು ಅಕ್ಕನ ಮನೆಗೆ ಕಳಿಸಿ ನೋಡಿದೆ. ಎಂಟನೇ ದಿನಕ್ಕೆ ಬಸ್ಸಿಳಿದು ಮನೆ ಮುಂದೆ ನಿಂತಿದ್ದರು. "ಅಲ್ಲಿ ಬಸ್ಸಿನ ಹೊಗೆ, ಇಲ್ಲಿ ಹುಲ್ಲಿನ ಹೊಗೆ. ಇಲ್ಲಾದರೆ ಮೆಣಸು ಕೊಯ್ಯೋರನ್ನ ನೋಡ್ಕೋಬಹುದು" ಅಂದರು. ವಯಸ್ಸಾದವರನ್ನು ಮನೆಯಿಂದ ಕೀಳೋದು ಅಷ್ಟು ಸುಲಭ ಅಲ್ಲ, ಅಲ್ವಾ?

ನಾವು ಮಾಡಿದ್ದು ಇಷ್ಟು. ಹೆಂಚಿನ ಕೆಳಗೆ ಮರದ ಹಲಗೆಯ ಮುಚ್ಚಿಗೆ ಇರುವ ನಡುಕೋಣೆಯನ್ನು ಅಪ್ಪನಿಗೆ ಬಿಟ್ಟೆವು. ಮುಚ್ಚಿಗೆಯ ಬಿರುಕಿಗೆ ಟೇಪ್, ಬಾಗಿಲ ಕೆಳಗೆ ಹಳೇ ಬೆಡ್‌ಶೀಟ್. ಹೊಗೆಯ ದಿನಗಳಲ್ಲಿ ಸಂಜೆಯೇ ಕಿಟಕಿ ಬಂದ್. ಬೆಳಿಗ್ಗೆ ಗಿರಿಯ ತುದಿ ಸರಿಯಾಗಿ ಕಾಣುವವರೆಗೆ ತೆಗೆಯೋದಿಲ್ಲ, ಹತ್ತಾಗಲಿ ಹನ್ನೊಂದಾಗಲಿ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್, ಎರಡೂ ಪಟ್ಟಿ ತಲೆಯ ಹಿಂದೆ ಬರಬೇಕು. ಒದ್ದೆ ಟವೆಲ್, ಕರ್ಚೀಫು ಬೂದಿ ತಡೆಯಬಹುದು. ಎದೆಗಿಳಿಯುವ ಹೊಗೆಯ ಕಣ 2.5 ಮೈಕ್ರಾನ್‌ಗಿಂತ ಚಿಕ್ಕದು, ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಅದಕ್ಕೆ ಬಟ್ಟೆ ಯಾವ ಲೆಕ್ಕ?

ನಿಮಗೆ ಸಿಟ್ಟು ಬರಬಹುದು, ಆದರೂ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಎಷ್ಟು ಹೊಗೆ ಇದೆ? ನಾವು ಗುಡ್ಡಕ್ಕೆ ಬೆಂಕಿ ಇಟ್ಟವರಿಗೆ ದಿನಾ ಶಾಪ ಹಾಕುತ್ತಿದ್ದೆವು. ಹಸಿ ಹುಲ್ಲು ಚಿಗುರಲಿ ಅಂತ ಇಡೋರು, ಬೀಡಿ ಎಸೆಯೋರು ಇದ್ದೇ ಇದ್ದಾರೆ, ಶಾಪ ಸರಿಯೇ. ಆದರೆ ನಮ್ಮ ಬಚ್ಚಲ ಹಂಡೆ ಒಲೆಗೆ ದಿನಾ ಹಸಿ ಕಾಫಿ ಗಿಡದ ಕಟ್ಟಿಗೆ ಹಾಕುತ್ತಿದ್ದೆವು. ಸಂಜೆ ಸೊಳ್ಳೆ ಬತ್ತಿ, ದೇವರ ಮನೆಯಲ್ಲಿ ಧೂಪ, ಅಂಗಳದ ಮೂಲೆಯಲ್ಲಿ ದರಗು ಸುಡೋದು. ಇದನ್ನೆಲ್ಲ ನಿಲ್ಲಿಸಲು ಒಂದು ರೂಪಾಯಿ ಖರ್ಚಿಲ್ಲ. ಬದಲಿಗೆ ಅತ್ತೆಯ ಹತ್ತಿರ ಬೈಸಿಕೊಳ್ಳಬೇಕಾಯಿತು.

ಡಾಕ್ಟರ್ ಹತ್ತಿರ ಜನವರಿಯಲ್ಲೇ ಹೋಗಿಬನ್ನಿ. ದಿನಾ ತೆಗೆದುಕೊಳ್ಳುವ ಇನ್ಹೇಲರ್ ಕೆಲಸ ಶುರು ಮಾಡಲು ದಿನಗಳು, ವಾರಗಳು ಬೇಕು. ಹೊಗೆ ಬಂದ ದಿನ ಶುರು ಮಾಡಿದರೆ ಆ ದಿನದ ಉಪಯೋಗಕ್ಕೆ ಬರಲ್ಲ. ಅಮ್ಮನಿಗೆ ಒಂದು ಮಾತು ಪೂರ್ತಿ ಹೇಳಲು ಆಗದೆ ನಡುವೆ ಉಸಿರು ಬೇಕಾದರೆ ಕಷಾಯ ಕಾಯಿಸುತ್ತಾ ನಿಲ್ಲಬೇಡಿ, ನೇರ ಆಸ್ಪತ್ರೆ. ತಕ್ಷಣಕ್ಕೆ ಬೇಕಾಗುವ ಪಂಪ್ ಒಂದು ಬಳಕೆಯಲ್ಲಿರುವಾಗಲೇ ಇನ್ನೊಂದು ತಂದಿಡಿ. ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ನಮ್ಮ ಕಡೆ ಒಂದೂ ಮೆಡಿಕಲ್ ಶಾಪ್ ತೆರೆದಿರೋದಿಲ್ಲ.