ಒಬ್ಬರೇ ಇದ್ದಾಗ ಸಲೀಸಾಗಿ ಏರುವ ಕಾರು ತುಂಬಿದ ಭಾರಕ್ಕೆ ಸೋಲುವುದೇಕೆ?

ಒಬ್ಬರೇ ಇದ್ದಾಗ ಮೂರನೇ ಗೇರಿನಲ್ಲಿ ಏರುವ ನಿಮ್ಮ 1000 ಸಿಸಿ ಪೆಟ್ರೋಲ್ ಕಾರು ಐವರು ಮತ್ತು ಸಾಮಾನು ತುಂಬಿದಾಗ ಅದೇ ಏರಿನಲ್ಲಿ ಸೋಲುತ್ತದೆ, ಎರಡನೇ ಗೇರಿಗೆ ಇಳಿಸಿದರೆ ಎಂಜಿನ್ ಕಿರುಚುವುದರಿಂದ ಭಯವಾಗುತ್ತದೆ ಎಂದು ಬರೆದಿದ್ದೀರಿ. ಇಷ್ಟರಿಂದಲೇ ಎಂಜಿನ್ ಕೆಟ್ಟಿದೆ ಎನ್ನಲಾಗದು. ಆ ಸದ್ದಿಗೆ ಹೆದರಿ ಮೂರನೇ ಗೇರಿನಲ್ಲೇ ಉಳಿಯುವುದು ತೊಂದರೆಯ ಮೂಲವೆಂದು ನನ್ನ ಅಭಿಪ್ರಾಯ.

100 ಮೀಟರಿಗೆ 15 ಮೀಟರ್ ಏರುವ ಕಡಿದಾದ ರಸ್ತೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಚಾಲಕರೊಬ್ಬರೇ ಇರುವಾಗ ಸುಮಾರು 950 ಕಿಲೋ ತೂಗುವ ಕಾರನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಮೇಲೆಳೆಯಲು ಹೆಚ್ಚುಕಡಿಮೆ 15 ಅಶ್ವಶಕ್ತಿ ಬೇಕು. ಭಾರ ತುಂಬಿ 1300 ಕಿಲೋ ಆದಾಗ 20 ಬೇಕಾಗುತ್ತದೆ. ಆ ವೇಗಕ್ಕೆ ಮೂರನೇ ಗೇರಿನಲ್ಲಿ ಇಂಥ ಎಂಜಿನ್ ಸುಮಾರು 1500 ಆರ್‌ಪಿಎಂನಲ್ಲಿ (ಅಂದರೆ ನಿಮಿಷಕ್ಕೆ 1500 ಸುತ್ತು) ತಿರುಗುತ್ತಿದ್ದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಅದರಿಂದ 17ರ ಆಸುಪಾಸಿನಷ್ಟೇ ಅಶ್ವಶಕ್ತಿ ಹೊರಡುತ್ತದೆ. ಅದೇ ವೇಗದಲ್ಲಿ ಎರಡನೇ ಗೇರಿಗೆ ಇಳಿಸಿದರೆ ಆರ್‌ಪಿಎಂ 2300ರ ಹತ್ತಿರಕ್ಕೆ ಏರಿ, ಸಿಗುವ ಶಕ್ತಿ 25ನ್ನು ದಾಟುತ್ತದೆ. ಮುಂದೆ 3500 ಮುಟ್ಟಿದರೂ ಗಾಬರಿಯಾಗಬೇಕಿಲ್ಲ. ಟರ್ಬೊ (ಎಂಜಿನ್ನಿಗೆ ಹೆಚ್ಚುವರಿ ಗಾಳಿ ತಳ್ಳುವ ಸಾಧನ) ಇಲ್ಲದ ಸಣ್ಣ ಎಂಜಿನ್‌ಗಳು ತಮ್ಮ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಕೊಡುವುದು ಸಾಮಾನ್ಯವಾಗಿ ಅಲ್ಲಿಯೇ. ಎಂಜಿನ್ನಿಗೆ ನಿಜವಾಗಿ ಕೆಡುಕು ಮಾಡುವುದು ಕಡಿಮೆ ಆರ್‌ಪಿಎಂನಲ್ಲಿ ಪೆಡಲನ್ನು ನೆಲಕ್ಕೆ ಒತ್ತಿ, ಕಾರು ನಡುಗುತ್ತಿದ್ದರೂ, ಒಳಗಿನಿಂದ ಟಕಟಕ ಸದ್ದು ಕೇಳುತ್ತಿದ್ದರೂ ಹಾಗೇ ಎಳೆಸುವುದು.

ಆದ್ದರಿಂದ ವೇಗ ಬಿದ್ದ ಮೇಲಲ್ಲ, ಬೀಳುವ ಮೊದಲೇ ಗೇರ್ ಇಳಿಸಬೇಕು. ಹೇರ್‌ಪಿನ್ ತಿರುವುಗಳಲ್ಲಂತೂ ಸ್ಟಿಯರಿಂಗ್ ತಿರುಗಿಸುವುದಕ್ಕೆ ಮುಂಚೆಯೇ ಎರಡನೇ ಗೇರಿನಲ್ಲಿ, ತೀರಾ ಕಡಿದಾಗಿದ್ದರೆ ಮೊದಲನೆಯದರಲ್ಲಿ ಇರುವುದು ಒಳ್ಳೆಯದು. ಏರಿನ ನಡುವೆ ನಿಲ್ಲಬೇಕಾಗಿ ಬಂದರೆ ಹಾಫ್ ಕ್ಲಚ್‌ನಲ್ಲಿ (ಕ್ಲಚ್ ಪೆಡಲನ್ನು ಅರ್ಧ ಒತ್ತಿಕೊಂಡು) ಕಾರನ್ನು ಹಿಡಿದಿಡಬೇಡಿ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ಹೊರಡುವಾಗ ಕ್ಲಚ್ ಹಿಡಿಯುತ್ತಿರುವುದು ತಿಳಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಎಸಿ ಕೆಲವು ಅಶ್ವಶಕ್ತಿಯನ್ನು ತಿನ್ನುವುದರಿಂದ ಕಷ್ಟದ ಏರುಗಳಲ್ಲಿ ಅದನ್ನು ಆರಿಸುವುದು ಲಾಭಕರ (ಹಿಂದಿನ ಸೀಟಿನವರು ಒಪ್ಪಿದರೆ). ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾಗಿ, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿ ಪ್ರತಿ 1000 ಮೀಟರಿಗೆ ಸುಮಾರು 10 ಪ್ರತಿಶತ ತಗ್ಗುತ್ತದೆ ಎಂಬುದೂ ಗಮನದಲ್ಲಿರಲಿ. ಹೊರಡುವ ಮುನ್ನ ಪೂರ್ಣ ಭಾರಕ್ಕೆ ಹೇಳಿರುವಷ್ಟು ಗಾಳಿಯನ್ನು ಟೈರುಗಳಿಗೆ ತುಂಬಿಸಿ. ಬಹುತೇಕ ಕಾರುಗಳಲ್ಲಿ ಆ ಅಂಕಿ ಚಾಲಕರ ಬಾಗಿಲಿನ ಬಳಿಯ ಸ್ಟಿಕರ್‌ನಲ್ಲಿರುತ್ತದೆ.

ಇಷ್ಟಾದ ಮೇಲೂ ಎರಡನೇ ಗೇರಿನಲ್ಲಿ ಆರ್‌ಪಿಎಂ ಮಾತ್ರ ಏರುತ್ತಾ ವೇಗ ಏರದಿದ್ದರೆ, ಜೊತೆಗೆ ಸುಟ್ಟ ವಾಸನೆಯೂ ಬಂದರೆ, ಕ್ಲಚ್ ಪ್ಲೇಟ್ ಸವೆದಿರುವ ಸಾಧ್ಯತೆ ಹೆಚ್ಚು. ಆಗ ಮುಂದಿನ ಪ್ರಯಾಣಕ್ಕೆ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.