ರಾಯರು ತಂಬೋಲಾ ಬಿಟ್ಟಿದ್ದು ಯಾಕೆ?

ಈ ದಂಪತಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರು ರಾಯರು ಮತ್ತು ಅಮ್ಮ, ಅಷ್ಟೇ. ರಾಯರಿಗೆ 76 ವರ್ಷ, ಬ್ಯಾಂಕಿನಿಂದ ನಿವೃತ್ತರು. ಅಮ್ಮನಿಗೆ 70. ಮಗಳು ಹೊರದೇಶದಲ್ಲಿ. ಶಿವಮೊಗ್ಗದ ಮನೆ ಬಾಡಿಗೆಗೆ ಕೊಟ್ಟು, ಮೈಸೂರಿನ ಹೊರವಲಯದಲ್ಲಿ ಹಿರಿಯರಿಗೆಂದೇ ಕಟ್ಟಿದ ಅಪಾರ್ಟ್‌ಮೆಂಟಿಗೆ ಬಂದು ಎರಡು ವರ್ಷವಾಗಿತ್ತು.

ಅಲ್ಲಿ ದಿನ ಹೋಗುವುದೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ವಾಕಿಂಗ್, ಯೋಗ, ಎಂಟಕ್ಕೆ ಊಟದ ಹಾಲ್‌ನಲ್ಲಿ ತಿಂಡಿ. ಆಮೇಲೆ ಪೇಪರ್, ಕೇರಂ. ಬುಧವಾರ ತಂಬೋಲಾ (ಮೈಕಿನಲ್ಲಿ ಕೂಗಿದ ನಂಬರನ್ನು ಚೀಟಿಯಲ್ಲಿ ಗುರುತು ಹಾಕಿ ಸಾಲು ತುಂಬಿಸುವ ಆಟ), ಸಂಜೆ ಭಜನೆ, ಏಕಾದಶಿಗೆ ವಿಷ್ಣು ಸಹಸ್ರನಾಮ. ಆಗಾಗ ವ್ಯಾನಿನಲ್ಲಿ ನಂಜನಗೂಡಿಗೋ ಮೇಲುಕೋಟೆಗೋ ಹೋಗಿಬರುತ್ತಾರೆ. ಮೊದಲ ವರ್ಷ ರಾಯರು ಎಲ್ಲದಕ್ಕೂ ಮುಂದೆ ಇದ್ದರು. ಆಮೇಲೆ ಒಂದೊಂದೇ ಬಿಡುತ್ತಾ ಬಂದರು. ಕೊನೆಗೆ ಊಟವನ್ನೂ ಕ್ಯಾರಿಯರ್‌ನಲ್ಲಿ ರೂಮಿಗೇ ತರಿಸಿಕೊಳ್ಳತೊಡಗಿದರು. ಕೇಳಿದರೆ "ಅಲ್ಲಿ ಬರೀ ಹರಟೆ" ಅನ್ನುತ್ತಿದ್ದರು.

ಸಲಹೆ ಕೇಳಲು ನನ್ನ ಹತ್ತಿರ ಬಂದವರು ಅಮ್ಮ. "ಜನ ಬೇಕು ಅಂತ ಇಲ್ಲಿಗೆ ಬಂದ್ವಿ ಮೇಡಂ. ಈಗ ಇವರು ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ಇವರನ್ನ ಬಿಟ್ಟು ನಾನೊಬ್ಬಳೇ ಭಜನೆಗೆ ಹೋದರೆ ನಾಲ್ಕು ಜನ ಏನಂತಾರೆ?" ಅಕ್ಕಪಕ್ಕದವರು ರಾಯರಿಗೆ ಗರ್ವ ಎಂದುಕೊಂಡಿದ್ದರು. ಮ್ಯಾನೇಜರ್ ಖಿನ್ನತೆ ಇರಬಹುದು ಎಂದಿದ್ದರು. ವೀಡಿಯೊ ಕಾಲ್‌ನಲ್ಲಿ ಒಂದು ಕೇಳಿದರೆ ಅಪ್ಪ ಇನ್ನೊಂದು ಹೇಳುತ್ತಾರೆ, ಮರೆವಿನ ಕಾಯಿಲೆ ಶುರುವಾಗಿದೆ ಅಂತ ಮಗಳು ಗಾಬರಿಯಾಗಿದ್ದಳು.

ಹಿರಿಯರಲ್ಲಿ ಖಿನ್ನತೆಯ ಅಂದಾಜು ಮಾಡಲು ನಾವು 15 ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತೇವೆ. ಅದನ್ನು ರಾಯರ ಕೈಗೇ ಕೊಟ್ಟೆ, ಅವರೇ ಓದಿ ಗುರುತು ಹಾಕಿದರು. ಮೊದಲಿನ ಚಟುವಟಿಕೆಗಳನ್ನು ಬಿಟ್ಟಿದ್ದೀರಾ? ಹೌದು. ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟವೇ? ಹೌದು. ಬೇಸರ, ನಿರಾಸೆ, ಬದುಕು ಖಾಲಿ ಅನ್ನಿಸುವುದು, ಇವಕ್ಕೆಲ್ಲ ಇಲ್ಲ. ನಿದ್ದೆ, ಹಸಿವು ಸರಿಯಾಗಿದ್ದವು. ನಿಶ್ಶಬ್ದವಾಗಿದ್ದ ನನ್ನ ಕೋಣೆಯಲ್ಲಿ ಎದುರು ಕೂತು ಬಹಳ ಹೊತ್ತು ಮಾತಾಡಿದರು. ಹಳೇ ಲೆಡ್ಜರ್ ಪುಸ್ತಕಗಳ ಕಾಲದ ಕಥೆಗಳು, ಒಂದೂ ದಾರಿ ತಪ್ಪಲಿಲ್ಲ. ಆದರೆ ಅಮ್ಮ ಹಿಂದಿನಿಂದ "ನೀರು ಬೇಕಾ?" ಎಂದಾಗ ತಿರುಗಲೇ ಇಲ್ಲ.

ತಂಬೋಲಾ ವಿಷಯ ಕೇಳಿದೆ. ಸ್ವಲ್ಪ ತಡೆದು ಹೇಳಿದರು: "ಮೈಕಿನಲ್ಲಿ ಇಪ್ಪತ್ತೈದು ಅಂದರೋ ಎಪ್ಪತ್ತೈದು ಅಂದರೋ ತಿಳೀಲಿಲ್ಲ. ಲೈನ್ ಆಯ್ತು ಅಂತ ಕೈ ಎತ್ತಿದೆ. ಆಗಿರಲಿಲ್ಲ. ಎಲ್ಲ ನಕ್ಕರು. ಜೀವಮಾನವೆಲ್ಲ ಅಂಕಿ ನೋಡಿಕೊಂಡೇ ಬದುಕಿದವನು ನಾನು."

ಈ ಮಾತನ್ನು ಅಮ್ಮನೂ ಅವತ್ತೇ ಮೊದಲು ಕೇಳಿದ್ದು.

ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕಡಿಮೆಯಾಗುವುದು ತೆಳುವಾದ, ಏರುದನಿಯ ಶಬ್ದಗಳು. ಸ, ಶ, ತ, ಕ ಇಂಥವು ಮಸುಕಾಗುತ್ತವೆ. ಮಾತಿನ ಸದ್ದು ಕೇಳಿಸುತ್ತದೆ, ಏನಂದರು ಅಂತ ಗೊತ್ತಾಗುವುದಿಲ್ಲ. ಗ್ರಾನೈಟ್ ನೆಲ, ಗಾಜಿನ ಕಿಟಕಿ, ಸ್ಟೀಲ್ ತಟ್ಟೆಗಳ ಸದ್ದು ಇರುವ ಹಾಲ್‌ನಲ್ಲಂತೂ ಎಲ್ಲ ಕಲಸಿಹೋಗುತ್ತದೆ. 60 ದಾಟಿದವರಲ್ಲಿ ಶೇ 25ಕ್ಕಿಂತ ಜಾಸ್ತಿ ಜನರಿಗೆ ತೊಂದರೆ ಕೊಡುವಷ್ಟು ಶ್ರವಣದೋಷ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ಕಿವಿ ಮಂದವಾದವರನ್ನು ಕಂಡು ನಗುವ ಅಭ್ಯಾಸ ನಮ್ಮಲ್ಲಿದೆ. ಕನ್ನಡಕ ಹಾಕಿದವರನ್ನು ನೋಡಿ ಯಾರೂ ನಗುವುದಿಲ್ಲ, ಅಲ್ವಾ? ಇದು ನನಗೆ ಯಾವತ್ತೂ ನೋವು ಕೊಡುವ ಸಂಗತಿ.

ನೆನಪಿನ ಪರೀಕ್ಷೆಗೆ ಮೊದಲು ಕಿವಿ ಪರೀಕ್ಷೆ ಆಗಲಿ ಎಂದೆ. ನೆನಪಿನ ಪರೀಕ್ಷೆಯ ಬಹಳಷ್ಟು ಪ್ರಶ್ನೆಗಳನ್ನು ಬಾಯಲ್ಲೇ ಕೇಳುತ್ತಾರೆ. ಪ್ರಶ್ನೆಯೇ ಕೇಳಿಸದಿದ್ದರೆ ಉತ್ತರ ತಪ್ಪಾಗುತ್ತದೆ. ಮೈಸೂರಿನಲ್ಲಿರುವವರಿಗೆ ಕಿವಿ ಪರೀಕ್ಷೆ ಕಷ್ಟವಲ್ಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪರೀಕ್ಷೆಯಲ್ಲಿ ಎರಡೂ ಕಿವಿಯಲ್ಲಿ ಮಧ್ಯಮ ಪ್ರಮಾಣದ ದೋಷ ಕಂಡಿತು. ಒಂದು ಕಿವಿಯಲ್ಲಿ ಗುಗ್ಗೆಯೂ ಗಟ್ಟಿಯಾಗಿತ್ತು. ಜೊತೆಗೆ, ಮರೆವಿಗೆ ಬೇರೆ ಕಾರಣ ಇದೆಯೇ ಎಂದು ನೋಡಲು ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿದರು, ಅವು ಸರಿಯಾಗಿದ್ದವು. ಆಮೇಲೆ ಮಾಡಿದ ನೆನಪಿನ ಪರೀಕ್ಷೆಯಲ್ಲೂ ಚಿಂತೆ ಮಾಡುವಂಥದ್ದೇನೂ ಇರಲಿಲ್ಲ.

ಕಿವಿ ಮಷೀನ್ ತಂದಾಗ ರಾಯರಿಗೆ ಒಂದೇ ಮಾತು ಒತ್ತಿ ಹೇಳಿದೆ. ಇದನ್ನು ಮೊದಲ ದಿನವೇ ಊಟದ ಹಾಲ್‌ಗೆ ಹಾಕಿಕೊಂಡು ಹೋಗಬೇಡಿ. ಎಷ್ಟೋ ಜನರ ಮಷೀನ್ ಬೀರುವಿನ ಪಾಲಾಗುವುದೇ ಹೀಗೆ. ಶುರುವಿನಲ್ಲಿ ಚಮಚ ಬಿದ್ದ ಸದ್ದೂ ಕಿರಿಕಿರಿಯಾಗುತ್ತದೆ, ತಮ್ಮ ದನಿಯೇ ವಿಚಿತ್ರವಾಗಿ ಕೇಳುತ್ತದೆ. ದಿನಕ್ಕೆ ಸ್ವಲ್ಪ ಹೊತ್ತು, ರೂಮಿನಲ್ಲಿ, ಅಮ್ಮನ ಜೊತೆ ಮಾತಾಡುತ್ತಾ ರೂಢಿ ಮಾಡಿಕೊಳ್ಳಬೇಕು. ಮೆದುಳು ಒಗ್ಗಿಕೊಳ್ಳಲು ವಾರಗಟ್ಟಲೆ ಬೇಕು. ಹೊಂದಾಣಿಕೆ ಸರಿಯಾಗದಿದ್ದರೆ ತಜ್ಞರ ಹತ್ತಿರ ಮತ್ತೆ ಮತ್ತೆ ಹೋಗಲು ಸಂಕೋಚ ಬೇಡ.

ಅಮ್ಮನಿಗೆ ಹೇಳಿದ್ದು ಬೇರೆ. ರಾಯರನ್ನು ಯಾರಾದರೂ ಏನಾದರೂ ಕೇಳಿದರೆ ಅಮ್ಮನೇ ಉತ್ತರ ಕೊಡುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು, ಆದರೆ ಇದರಿಂದ ಜನ ರಾಯರನ್ನು ಮಾತಾಡಿಸುವುದನ್ನೇ ಬಿಟ್ಟಿದ್ದರು. ಅದನ್ನು ನಿಲ್ಲಿಸಿ ಎಂದೆ. ಎದುರಿಗೆ ಬಂದು, ಮುಖ ಕಾಣುವಂತೆ ನಿಂತು ಮಾತಾಡಿ. ಕೂಗಬೇಡಿ, ಕೂಗಿದರೆ ಮಾತು ಇನ್ನೂ ಒಡೆಯುತ್ತದೆ. ಒಮ್ಮೆ ತಿಳಿಯದಿದ್ದರೆ ಬೇರೆ ಪದದಲ್ಲಿ ಹೇಳಿ. ಮತ್ತೆ, ಭಜನೆಗೆ ನಾಳೆಯಿಂದಲೇ ಹೋಗಿ. ರಾಯರು ಕೂಡಲೇ "ನಾನೇನು ಹೋಗಬೇಡ ಅಂದಿಲ್ವಲ್ಲ" ಎಂದರು. "ಹೋಗು ಅಂತಲೂ ಅಂದಿಲ್ಲ" ಎಂದರು ಅಮ್ಮ. ಆ ದಿನದ ಉಳಿದ ಹೊತ್ತೆಲ್ಲ ಈ ಒಂದು ಮಾತಿನ ಸುತ್ತಲೇ ಹೋಯಿತು, ಹೋಗಬೇಕಾದ್ದೇ. ಗಂಡ ಸುಮ್ಮನಿದ್ದರೆ ಅದನ್ನೇ ಬೇಡ ಎಂದು ತಿಳಿದು ಎಷ್ಟೋ ವರ್ಷ ಬದುಕಿದ ಹೆಂಗಸರನ್ನು ನಾನು ಜಾಸ್ತಿ ನೋಡಿದ್ದೇನೆ.

ಮ್ಯಾನೇಜರ್ ಜೊತೆಗೂ ಮಾತಾಡಿದೆ, ರಾಯರ ಒಪ್ಪಿಗೆ ಪಡೆದು. ತಂಬೋಲಾ ನಂಬರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ, ಹಾಲ್‌ಗೆ ದಪ್ಪ ಪರದೆ ಹಾಕಿ, ಮೂಲೆಯ ಟೇಬಲ್ ಒಂದನ್ನು ನಾಲ್ಕು ಜನರಿಗೆ ಬಿಡಿ. ಪರದೆ ಇನ್ನೂ ಬಂದಿಲ್ಲ. ಬೋರ್ಡು ಬಂದಿದೆ, ಅದನ್ನು ನೋಡಿ ಆಡುವವರು ರಾಯರಲ್ಲದೆ ಬೇರೆಯವರೂ ಇದ್ದಾರೆ.

ರಾಯರು ತಂಬೋಲಾಕ್ಕೆ ವಾಪಸ್ ಹೋಗಿಲ್ಲ. ನಾನೂ ಒತ್ತಾಯ ಮಾಡಿಲ್ಲ. ನವೆಂಬರ್‌ನಲ್ಲಿ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ, ಅದನ್ನು ಮೊಬೈಲಿನಲ್ಲಿ ಮುಖ ತೋರಿಸಿ ಕಳಿಸಲು ಹಲವರಿಗೆ ಬರುತ್ತಿರಲಿಲ್ಲ. ರಾಯರು ಲೈಬ್ರರಿಯಲ್ಲಿ ಕೂತು ಒಬ್ಬೊಬ್ಬರಿಗೇ ಮಾಡಿಕೊಟ್ಟರು. ಒಬ್ಬರ ಜೊತೆ, ಸದ್ದಿಲ್ಲದ ಜಾಗದಲ್ಲಿ ಮಾತಾಡುವುದು ಅವರಿಗೆ ಸುಲಭ. ಈಗ ಎಫ್‌ಡಿ ರಿನ್ಯೂವಲ್ ಕೇಳಲೂ ಜನ ಬರುತ್ತಾರೆ. ರಾಯರು ತಿಂಡಿಗೆ ಹಾಲ್‌ಗೆ ಹೋಗುತ್ತಾರೆ, ರಾತ್ರಿ ಊಟ ಮಾತ್ರ ರೂಮಿನಲ್ಲೇ. ಅಮ್ಮ ಭಜನೆ ಮುಗಿಸಿ ಬರುವುದು ತಡವಾದರೆ ರಾಯರಿಗೆ ಸ್ವಲ್ಪ ಮುನಿಸೂ ಇದೆಯಂತೆ. ಅದರ ಬಗ್ಗೆ ಮುಂದಿನ ಸಲ ಇಬ್ಬರನ್ನೂ ಕೂರಿಸಿ ಮಾತಾಡಬೇಕು.

ಒಂದು ಎಚ್ಚರಿಕೆ. ಕಿವಿ ಮಂದವಾಗಿದ್ದವರಿಗೆ ಖಿನ್ನತೆ ಬರುವುದಿಲ್ಲ ಅಂತಲ್ಲ, ಎರಡೂ ಒಟ್ಟಿಗೇ ಇರಬಹುದು. ನಿದ್ದೆ, ಊಟ ಕೆಟ್ಟರೆ, "ಇದ್ದು ಏನು ಮಾಡಲಿ" ಎಂಬ ಮಾತು ಬಂದರೆ ಕಿವಿ ಪರೀಕ್ಷೆಗೆ ಕಾಯಬೇಡಿ. ಮನೋವೈದ್ಯರಿಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.