ಆ್ಯಪಲ್ಲಿ ಒಂದು ರೇಟು, ಒಳಗೆ ಹೋದ್ರೆ ಇನ್ನೊಂದು

ಪ್ರಶ್ನೆ: ದೀಪಾವಳಿಗೆ ಫ್ರಿಡ್ಜ್ ತಗೋಬೇಕು ಅಂತಿದೀವಿ. ಮಗ ಫೋನಿಗೆ ರೇಟ್ ಕಂಪೇರ್ ಮಾಡೋ ಆ್ಯಪ್ ಹಾಕ್ಕೊಟ್ಟಿದಾನೆ, ಅದ್ರಲ್ಲಿ 21,490 ಅಂತ ತೋರ್ಸುತ್ತೆ, ಒತ್ತಿ ಒಳಗೆ ಹೋದ್ರೆ 23 ಸಾವಿರದ ಮೇಲೆ. ಚಿಕ್ಕಮಗಳೂರು ಎಂ.ಜಿ. ರೋಡ್ ಅಂಗಡೀಲಿ 24,500 ಅಂದ್ರು. ಯಾವ್ದನ್ನ ನಂಬೋದು?
– ಗೃಹಿಣಿ, ಆಲ್ದೂರು

ಉತ್ತರ: ಮೇಡಂ, ಆ 21,490 ಬಹುಶಃ ಯಾವ್ದೋ ಬ್ಯಾಂಕ್ ಕಾರ್ಡ್ ಡಿಸ್ಕೌಂಟು, ಹಳೇ ಫ್ರಿಡ್ಜ್ ಎಕ್ಸ್‌ಚೇಂಜು ಎಲ್ಲಾ ಕಳೆದು ಉಳಿದ ರೇಟು, ಇಲ್ಲಾಂದ್ರೆ ಆ್ಯಪ್ ಸ್ವಲ್ಪ ಹೊತ್ತಿನ ಹಿಂದೆ ಎತ್ಕೊಂಡಿದ್ದು, ಅಷ್ಟರಲ್ಲಿ ಅಲ್ಲಿ ಏರಿಸಿರ್ತಾರೆ. ಜೊತೆಗೆ ಸುಮಾರು ಆ್ಯಪ್‌ಗಳು ನಿಮ್ಮ ಪಿನ್‌ಕೋಡ್ ನೋಡೋದೇ ಇಲ್ಲ, ಬೆಂಗಳೂರಿಗೆ ಕಳಿಸೋ ಸೆಲ್ಲರ್ ಆಲ್ದೂರಿಗೆ ಕಳಿಸಲ್ಲ ಅಂದ್ರೆ ಬೇರೆ ಸೆಲ್ಲರ್ ಬರ್ತಾನೆ, ರೇಟೂ ಬೇರೆ ಆಗುತ್ತೆ. ಅಡ್ರೆಸ್ ಹಾಕಿ, ದುಡ್ಡು ಕಟ್ಟೋಕೆ ಮುಂಚೆ ಕೊನೇಲಿ ಕಾಣೋ ಮೊತ್ತ ಇದ್ಯಲ್ಲ, ಅದನ್ನ ಮಾತ್ರ ಲೆಕ್ಕಕ್ಕೆ ತಗೊಳಿ.

ಆಮೇಲೆ ಮಾಡೆಲ್ ನಂಬರ್. ಪೂರ್ತಿ ನಂಬರ್, ಕೊನೇ ಅಕ್ಷರದವರೆಗೂ. ನೋಡೋಕೆ ಒಂದೇ ಥರ ಇರೋ ಎರಡು ಫ್ರಿಡ್ಜಲ್ಲಿ ಒಂದು 2 ಸ್ಟಾರ್, ಇನ್ನೊಂದು 3 ಸ್ಟಾರ್ ಇರುತ್ತೆ, ಆ್ಯಪ್ ಎರಡನ್ನೂ ಒಂದೇ ಸಾಲಲ್ಲಿ ನಿಲ್ಲಿಸಿಬಿಡುತ್ತೆ. ಸ್ಟಾರ್ ಲೆಕ್ಕಾನೂ ಆಗಾಗ ಬಿಗಿ ಮಾಡ್ತಾರೆ, ಅದಕ್ಕೇ ಬಿಇಇ (ಕೇಂದ್ರದ ವಿದ್ಯುತ್ ಉಳಿತಾಯ ಸಂಸ್ಥೆ) ಸ್ಟಾರ್ ಲೇಬಲ್ ಮೇಲೆ ಯಾವ ಅವಧೀದು, ವರ್ಷಕ್ಕೆ ಎಷ್ಟು ಯೂನಿಟ್ ಕುಡಿಯುತ್ತೆ ಅಂತ ಓದಿ. ಫ್ರಿಡ್ಜ್ ಹತ್ತು ವರ್ಷ ಓಡೋ ಸಾಮಾನು, ಇವತ್ತಿನ ಐನೂರು ರೂಪಾಯಿಗಿಂತ ಆ ಯೂನಿಟ್ಟೇ ದೊಡ್ಡದು.

'40% ಆಫ್' ಅನ್ನೋದನ್ನ ನಾನಂತೂ ನೋಡೋದೇ ಇಲ್ಲ. ಅದು ಎಂಆರ್‌ಪಿ ಮೇಲಿನ ಲೆಕ್ಕ, ಎಂಆರ್‌ಪಿಗೆ ಫ್ರಿಡ್ಜ್ ಯಾರು ಮಾರ್ತಾರೆ ಹೇಳಿ? ಬದಲಿಗೆ ಬೈಹಟ್ಕೆ ಥರದ ಹಳೇ ರೇಟ್ ತೋರ್ಸೋ ಸೈಟಲ್ಲಿ ಆ ಫ್ರಿಡ್ಜಿನ ಲಿಂಕ್ ಹಾಕಿದ್ರೆ ಹಿಂದಿನ ತಿಂಗಳುಗಳ ರೇಟ್ ಗ್ರಾಫ್ ಬರುತ್ತೆ. ಕೀಪಾ ಅಂತ ಇನ್ನೊಂದು ಅಂಥದ್ದೇ ಸೈಟಿದೆ, ಅದು ಅಮೆಜಾನ್‌ಗೆ ಮಾತ್ರ. ಹಬ್ಬಕ್ಕೆ ಮುಂಚೆ ಏರಿಸಿ ಹಬ್ಬದಲ್ಲಿ ಇಳಿಸಿದಾರಾ ಅನ್ನೋದು ಅಲ್ಲೇ ಸಿಕ್ಕಿಬೀಳುತ್ತೆ.

ಇಷ್ಟಾದ್ಮೇಲೆ ಆ ಕೊನೇ ಮೊತ್ತದ ಸ್ಕ್ರೀನ್‌ಶಾಟ್ ಇಟ್ಕೊಂಡು ಎಂ.ಜಿ. ರೋಡಿಗೆ ಹೋಗಿ, ಮನೆ ತನಕ ಸಾಗಿಸೋದು, ಸ್ಟೆಬಿಲೈಜರ್ ಸೇರಿ ಎಷ್ಟಕ್ಕೆ ಕೊಡ್ತೀರ ಅಂತ ಕೇಳಿ. ಐನೂರು-ಸಾವಿರ ಹೆಚ್ಚಾದ್ರೂ ನಾನಾಗಿದ್ರೆ ಅಂಗಡೀಲೇ ತಗೋತೀನಿ. ಮಳೆಗಾಲದಲ್ಲಿ ಕರೆಂಟ್ ಆಟ ಆಡಿ ಫ್ರಿಡ್ಜ್ ಕೈಕೊಟ್ರೆ ಫೋನ್ ಮಾಡಿ ಜಗಳ ಆಡೋಕೆ ಒಬ್ಬರು ಬೇಕಲ್ವಾ.

ಪ್ರಶ್ನೆ: ಈ ಆ್ಯಪ್‌ಗಳು ಫ್ರೀ. ಅವರಿಗೇನು ಲಾಭ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಅವರ ಲಿಂಕ್ ಒತ್ತಿ ನೀವು ತಗೊಂಡ್ರೆ ಮಾರೋ ಕಂಪನಿ ಕಮಿಷನ್ ಕೊಡುತ್ತೆ. ತಪ್ಪೇನಲ್ಲ, ಆದ್ರೆ ಕಮಿಷನ್ ಕೊಡದ ಅಂಗಡಿ ಲಿಸ್ಟಲ್ಲೇ ಇಲ್ದೇ ಹೋಗ್ಬಹುದು, ಹಾಸನದ ಬಿ.ಎಂ. ರೋಡ್ ಅಂಗಡಿ ಅಂತೂ ಇರೋದೇ ಇಲ್ಲ. ರೇಟ್ ತೋರ್ಸೋಕೆ ಎಸ್ಸೆಮ್ಮೆಸ್, ಕಾಂಟ್ಯಾಕ್ಟ್ಸ್ ಪರ್ಮಿಷನ್ ಕೇಳಿದ್ರೆ ತೆಗೆದುಹಾಕಿ. ಇನ್ನು 'ಇನ್ನೆರಡೇ ಪೀಸ್ ಉಳಿದಿದೆ' ಅಂತ ಸುಳ್ಳು ಹೇಳಿ ಅವಸರ ಮಾಡ್ಸೋದು, ಕೊನೇಲಿ ಹೊಸ ಚಾರ್ಜ್ ಸೇರ್ಸೋದು ಎರಡನ್ನೂ 2023ರ ನವೆಂಬರಲ್ಲಿ ಕೇಂದ್ರದ ಗ್ರಾಹಕ ಪ್ರಾಧಿಕಾರ ನಿಷೇಧ ಮಾಡಿದೆ. ಕಂಡ್ರೆ ಸ್ಕ್ರೀನ್‌ಶಾಟ್ ತೆಗ್ದು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ದುಡ್ಡೇನೂ ಆಗಲ್ಲ.